ನಗಿಸಿ ಮುಚ್ಚಿದ ಕಡತಗಳು

ಕಳೆದ ವರ್ಷ ನಮ್ಮ ಇಲಾಖೆಯ ಅಧಿಕಾರಿಗಳಿಗಾಗಿ ಎರಡು ದಿನಗಳ ತರಬೇತಿಯೊಂದು ಏರ್ಪಾಡಾಗಿತ್ತು. ನಾನಾ ಭಾಷೆ, ನಾನಾ ಪ್ರಾಂತ, ನಾನಾ ಜಾತಿಗಳ ಜನ ಒಟ್ಟಿಗೆ ದುಡಿಯುವ ಕಚೇರಿಗಳಲ್ಲಿ ಹುಟ್ಟುವ ಘರ್ಷಣೆಯನ್ನು ನಿಭಾಯಿಸುವುದು ಹೇಗೆಂಬುದು ವಿಷಯ. ಖಾಸಗಿ ಸಲಹಾಸಂಸ್ಥೆಯೊಂದರಿಂದ ಬಂದಿದ್ದ ಉಪನ್ಯಾಸಕರು ಲವಲವಿಕೆಯ ಮನುಷ್ಯ. ಜಗಳ ಭಾಷೆಯಿಂದ ಹುಟ್ಟಲಿ, ಊಟದಿಂದ ಹುಟ್ಟಲಿ, ಮೇಲಧಿಕಾರಿಯಾದವನು ಮೊದಲು ಒಂದು ನಗೆಮಾತನ್ನಾಡಿ ವಾತಾವರಣವನ್ನು ತಿಳಿಗೊಳಿಸಬೇಕು, ಒಟ್ಟಿಗೆ ನಕ್ಕವರು ಬಹುಕಾಲ ಹಗೆ ಸಾಧಿಸಲಾರರು ಎಂದು ಅವರು ಬೋಧಿಸಿದರು. ಉದಾಹರಣೆಗಾಗಿ ಒಬ್ಬ ಸರ್ದಾರ್ಜಿಯ, ಒಬ್ಬ ಬಂಗಾಳಿಯ ಮತ್ತು ಒಬ್ಬ ಮದರಾಸಿಯ ಕಥೆಗಳನ್ನು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಸರಕಾರಿ ತರಬೇತಿಗಳಲ್ಲಿ ಚಪ್ಪಾಳೆಯೂ ಹಾಜರಾತಿಯ ಒಂದು ಅಂಗ.

ಮನೆಗೆ ಬಂದ ಮೇಲೆ ಆ ಚಪ್ಪಾಳೆಯ ಬಗ್ಗೆ ನನಗೇ ನಾಚಿಕೆಯಾಯಿತು. ಮುಂಬಯಿ, ಹೈದರಾಬಾದು, ದಿಲ್ಲಿ ಎಂದು ಮೂವತ್ತು ವರ್ಷ ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿದ ನನಗೆ ಈ ಬೋಧನೆ ಸುಳ್ಳೆಂದು ಗೊತ್ತಿದೆ. ಗೊತ್ತಿದ್ದೂ ಸುಮ್ಮನಿರುವುದು ಸರಿಯಲ್ಲವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಕಚೇರಿಯಲ್ಲಿ ಮೇಲಿನವನು ಆಡುವ ನಗೆಮಾತು ಜಗಳವನ್ನು ತೀರಿಸುವುದಿಲ್ಲ. ದೂರು ಹೇಳಲು ಬಂದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವ ಸುಲಭೋಪಾಯ ಅದು. ಹಾಗೆ ಕಳುಹಿಸಿದ ಮೇಲೆ ಕಡತದಲ್ಲಿ ಏನೂ ಉಳಿಯುವುದಿಲ್ಲವಾದ್ದರಿಂದ ಅಧಿಕಾರಿಗೆ ಅದು ಬಲು ಪ್ರಿಯವಾದದ್ದು.

ಮೊದಲ ಆರೋಪ ನನ್ನ ಮೇಲೆಯೇ. 2011ರಲ್ಲಿ ನಾನು ದಿಲ್ಲಿಯ ಕಚೇರಿಯೊಂದರಲ್ಲಿ ಒಂದು ಶಾಖೆಯ ಹೊಣೆ ಹೊತ್ತಿದ್ದೆ. ಹನ್ನೊಂದು ಮಂದಿ ಸಿಬ್ಬಂದಿ. ಅವರಲ್ಲಿ ಹೊಸದಾಗಿ ಸೇರಿದ, ಮಣಿಪುರದ ಒಬ್ಬ ಯುವತಿ. ಮಧ್ಯಾಹ್ನ ಎಲ್ಲರೂ ಒಂದೇ ಉದ್ದ ಮೇಜಿನ ಸುತ್ತ ಕುಳಿತು ಡಬ್ಬಿ ಬಿಚ್ಚುವುದು ವಾಡಿಕೆ. ಆಕೆಯ ಡಬ್ಬಿಯಲ್ಲಿ ಆಗಾಗ್ಗೆ ಸೊಯಿಬಮ್ ಇರುತ್ತಿತ್ತು. ಎಳೆ ಬಿದಿರಿನ ಮೊಳಕೆಯನ್ನು ಹುಳಿಬರಿಸಿ ಮಾಡುವ ಪದಾರ್ಥ ಅದು, ವಾಸನೆ ಕಟು. ಒಂದು ದಿನ ಮೂವರು ಹಿರಿಯ ಸಹಾಯಕರು ನನ್ನ ಕೋಣೆಗೆ ಬಂದು ಆ ವಾಸನೆಯಲ್ಲಿ ಊಟ ಮಾಡುವುದು ಅಸಾಧ್ಯವೆಂದು ದೂರಿದರು. ಅವರ ಹಿಂದೆಯೇ ಆಕೆಯೂ ಬಂದಳು. ತಾನು ಕೈತೊಳೆದು ಬರುವಷ್ಟರಲ್ಲಿ ಯಾರೋ ತನ್ನ ಡಬ್ಬಿಯನ್ನು ಎತ್ತಿ ಹೊರಗಿನ ಓಣಿಯಲ್ಲಿ, ಕಸದ ತೊಟ್ಟಿಯ ಪಕ್ಕದಲ್ಲಿ ಇಟ್ಟಿದ್ದರೆಂದು ಮೆಲುದನಿಯಲ್ಲಿ ಹೇಳಿದಳು.

ನಾನೇನು ಮಾಡಿದೆ? ನಗಿಸಿದೆ. 'ಕೇಂದ್ರ ಸರಕಾರ ಇದಕ್ಕಿಂತ ದೊಡ್ಡ ದೊಡ್ಡ ವಾಸನೆಗಳನ್ನು ಸಹಿಸಿಕೊಂಡು ಬಂದಿದೆ. ಸಾದಿಲ್ವಾರು ಬಾಬ್ತಿನಲ್ಲಿ ಊದುಬತ್ತಿ ಕೊಳ್ಳೋಣ, ಮೈಸೂರಿನದನ್ನು ನಾನೇ ತರಿಸಿಕೊಡುತ್ತೇನೆ, ಬಿಲ್ಲಿಗೆ ಮಾತ್ರ ಮಣಿಪುರದವರು ಸಹಿ ಹಾಕಬೇಕು' ಎಂದೆ. ಮೂವರೂ ಗೊಳ್ಳೆಂದು ನಕ್ಕರು. ಆಕೆಯೂ ನಕ್ಕಳು. ಎಲ್ಲರೂ ಹೊರಟುಹೋದರು. ಐದು ನಿಮಿಷದಲ್ಲಿ ಪ್ರಕರಣ ಮುಗಿದ ಹೆಮ್ಮೆಯಲ್ಲಿ ನಾನು ಮುಂದಿನ ಕಡತವನ್ನು ತೆರೆದೆ. ಅನೇಕ ವರ್ಷ ಈ ಪ್ರಸಂಗವನ್ನು ನನ್ನ ಆಡಳಿತ ಚಾತುರ್ಯದ ನಿದರ್ಶನವಾಗಿ ಮಿತ್ರರಲ್ಲಿ ಹೇಳಿಕೊಂಡದ್ದೂ ಉಂಟು.

ಡಬ್ಬಿಯನ್ನು ಕಸದ ತೊಟ್ಟಿಯ ಪಕ್ಕ ಇಟ್ಟವರು ಯಾರು? ನಾನು ಸಂಬಳ ಪಡೆಯುತ್ತಿದ್ದುದು ಆ ಒಂದು ಪ್ರಶ್ನೆಯನ್ನು ಕೇಳುವುದಕ್ಕಾಗಿ. ಅದನ್ನು ನಾನು ಕೇಳಲಿಲ್ಲ. ಕೆಲವು ತಿಂಗಳ ಅನಂತರ ಒಂದು ಮಧ್ಯಾಹ್ನ ಲಿಫ್ಟು ಕೆಟ್ಟಿದ್ದರಿಂದ ಮೆಟ್ಟಿಲು ಹತ್ತುತ್ತಿದ್ದೆ. ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವಿನ ತಿರುವಿನಲ್ಲಿ, ಗೋಡೆಗೆ ಮುಖ ಮಾಡಿ ಕುಳಿತು ಆಕೆ ಊಟ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಕಾಣದವನಂತೆ ಮೇಲಕ್ಕೆ ಹೋದೆ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ನಾನು ತೀರ್ಥಹಳ್ಳಿಯ ಕಡೆಯವನು. ಮಳೆಗಾಲ ಹಿಡಿದರೆ ನಮ್ಮ ಮನೆಯಲ್ಲಿ ಕಳಲೆ. ಎಳೆ ಬಿದಿರನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಹಾಕಿದಾಗ ಅಡಿಗೆಮನೆಯಿಂದ ಜಗಲಿಯವರೆಗೆ ಹಬ್ಬುವ ಆ ನಾತವನ್ನು ಮಲೆನಾಡಿನವರಿಗಾಗಲಿ ಕೊಡಗಿನವರಿಗಾಗಲಿ ತುಳುನಾಡಿನವರಿಗಾಗಲಿ ವರ್ಣಿಸಿ ಹೇಳಬೇಕಾಗಿಲ್ಲ. ಆಕೆಯ ಡಬ್ಬಿಯ ವಾಸನೆ ನನಗೆ ಅಪರಿಚಿತವಾಗಿರಲಿಲ್ಲ, ನನ್ನ ತಾಯಿಯ ಅಡಿಗೆಮನೆಯ ದಾಯಾದಿಯಾಗಿತ್ತು ಅದು. 'ಇದನ್ನು ನಮ್ಮ ಕಡೆಯೂ ಉಣ್ಣುತ್ತಾರೆ' ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಅಂದಿನ ಜಗಳದ ಸ್ವರೂಪವೇ ಬದಲಾಗುತ್ತಿತ್ತು. ಆ ಮಾತನ್ನಾಡಿದ್ದರೆ ನಾನು ಆಕೆಯ ಪಕ್ಕ ನಿಂತಂತಾಗುತ್ತಿತ್ತು. ಹಾಸ್ಯ ನನ್ನನ್ನು ಆ ಮೂವರ ಪಕ್ಕದಲ್ಲಿ ಕ್ಷೇಮವಾಗಿ ನಿಲ್ಲಿಸಿತು.

ಇದು ಒಂದು ಕಚೇರಿಯ ಕ್ಷುಲ್ಲಕ ಪ್ರಸಂಗವೆಂದು ಓದುಗರು ತಳ್ಳಿಹಾಕಬಾರದು. 2007ರಲ್ಲಿ ದಿಲ್ಲಿ ಪೊಲೀಸರು ಈಶಾನ್ಯ ರಾಜ್ಯಗಳಿಂದ ಬರುವ ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ್ದರು. ಸುರಕ್ಷತೆಯ ಸಲಹೆಗಳ ಹೆಸರಿನ ಆ ಹೊತ್ತಗೆಯಲ್ಲಿ ಬಿದಿರಿನ ಮೊಳಕೆ, ಅಖುನಿ ಮೊದಲಾದ ವಾಸನೆಯ ಅಡಿಗೆಯನ್ನು ನೆರೆಹೊರೆಯವರಿಗೆ ತೊಂದರೆಯಾಗದಂತೆ ಮಾಡಬೇಕೆಂಬ ಉಪದೇಶವೂ ಇತ್ತು. ಉಪದ್ರವ ಕೊಡುವವರಿಗೆ ಬುದ್ಧಿ ಹೇಳುವುದನ್ನು ಬಿಟ್ಟು ಉಪದ್ರವಕ್ಕೊಳಗಾಗುವವರಿಗೆ ಅಡಿಗೆಯ ಪಾಠ! 2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನೀಡೋ ತಾನಿಯಾ ದಿಲ್ಲಿಯ ಲಾಜಪತ ನಗರದಲ್ಲಿ ಹೊಡೆತಕ್ಕೆ ಸಿಕ್ಕಿ ಸತ್ತಾಗ, ಆ ಜಗಳದ ಮೂಲದಲ್ಲಿದ್ದುದು ಅವನ ಕೂದಲನ್ನೂ ಚಹರೆಯನ್ನೂ ಕುರಿತ ಗೇಲಿ. ಅನಂತರ ಬೆಜಬರುವಾ ಸಮಿತಿ ನೇಮಕವಾಗಿ, ಜನಾಂಗೀಯ ನಿಂದೆಯನ್ನು ಶಿಕ್ಷಾರ್ಹಗೊಳಿಸುವ ಶಿಫಾರಸುಗಳನ್ನು ಮಾಡಿತು. ಗೇಲಿ ಎಲ್ಲಿ ಮುಗಿದು ಕೈ ಎಲ್ಲಿ ಏಳುತ್ತದೆಂಬುದನ್ನು ಮುಂಚಿತವಾಗಿ ಬಲ್ಲವರು ಯಾರು? ನನ್ನ ಊದುಬತ್ತಿಯ ಮಾತಿಗೂ ಆ ಬೀದಿಯ ಗೇಲಿಗೂ ಮಟ್ಟದಲ್ಲಿ ಅಂತರವಿದೆ, ದಿಕ್ಕಿನಲ್ಲಿ ಇಲ್ಲ.

ಹಾಸ್ಯದಿಂದ ಸಂಬಂಧಗಳ ಬಿಗಿ ಸಡಿಲವಾಗುತ್ತದೆಂಬುದು ಪೂರ್ತಿ ಸುಳ್ಳಲ್ಲ. ನಮ್ಮ ಮದುವೆಮನೆಗಳಲ್ಲಿ ಬೀಗರು ಬೀಗರನ್ನು ಹಂಗಿಸುವ ಹಾಡುಗಳಿವೆ, ಭಾವ ಮೈದುನರಿಗೆ ಪರಸ್ಪರ ಕಾಲೆಳೆಯುವ ಹಕ್ಕಿದೆ. ಎರಡು ಮನೆತನಗಳು ಹೊಸದಾಗಿ ಬೆಸೆಯುವಲ್ಲಿ ಘರ್ಷಣೆಗೆ ಅವಕಾಶವಿರುವುದರಿಂದಲೇ ಹಿರಿಯರು ಅಲ್ಲಿ ಹಾಸ್ಯಕ್ಕೆ ಎಡೆಮಾಡಿದರು. ರ್‍ಯಾಡ್‌ಕ್ಲಿಫ್ ಬ್ರೌನ್ ಎಂಬ ಮಾನವಶಾಸ್ತ್ರಜ್ಞರು 1940ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂಥ ಸಂಬಂಧಗಳನ್ನೇ ವಿವೇಚಿಸಿದ್ದಾರೆ. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಇವರ ಶಿಷ್ಯರಾಗಿದ್ದವರು. ಹಾಸ್ಯಸಂಬಂಧದಲ್ಲಿ ಎರಡು ಬಗೆಯೆಂದು ಆ ಪ್ರಬಂಧ ಹೇಳುತ್ತದೆ. ಒಂದರಲ್ಲಿ ಇಬ್ಬರೂ ಪರಸ್ಪರ ಹಾಸ್ಯ ಮಾಡಬಹುದು. ಇನ್ನೊಂದರಲ್ಲಿ ಒಬ್ಬನು ಹಾಸ್ಯ ಮಾಡುತ್ತಾನೆ, ಮತ್ತೊಬ್ಬನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಸ್ವೀಕರಿಸಬೇಕು, ತಿರುಗಿ ಆಡುವಂತಿಲ್ಲ. ಇಂದು ಹಂಗಿಸಿಕೊಂಡ ಗಂಡಿನ ಕಡೆಯವರು ನಾಳೆ ಹಂಗಿಸಬಹುದು, ಬೀಗರ ಹಾಸ್ಯದ ಸೊಗಸು ಇರುವುದು ಅಲ್ಲಿ. ಕಚೇರಿಯ ಹಾಸ್ಯವಾದರೋ ಎರಡನೆಯ ಬಗೆಯದು. ಅದನ್ನು ಮೊದಲನೆಯ ಬಗೆಯದೆಂದು ಮಾರುವುದೇ ನಮ್ಮ ತರಬೇತಿಗಳ ಮೋಸ.

ಈ ಮಾತಿಗೆ ಆಧಾರ ಬೇಕೆನ್ನುವವರು ರೋಸ್ ಕೋಸರ್ ಎಂಬ ಸಮಾಜಶಾಸ್ತ್ರಜ್ಞೆಯ ಬರೆಹವನ್ನು ನೋಡಬಹುದು. ಅಮೆರಿಕದ ಮಾನಸಿಕ ಆಸ್ಪತ್ರೆಯೊಂದರ ಸಿಬ್ಬಂದಿಯ ಸಭೆಗಳಲ್ಲಿ ಕುಳಿತು, ಯಾರು ಯಾರನ್ನು ಕುರಿತು ನಗೆಯಾಡುತ್ತಾರೆಂದು ಆಕೆ ಗುರುತು ಹಾಕಿಕೊಂಡರು. 1960ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನಗೆಮಾತು ಹೆಚ್ಚಾಗಿ ಹಿರಿಯ ವೈದ್ಯರದು, ಅದರ ಗುರಿ ಕಿರಿಯರು. ಕಿರಿಯರ ನಗೆಮಾತು ರೋಗಿಗಳ ಮೇಲೆ ಅಥವಾ ತಮ್ಮ ಮೇಲೆ. ಸಭೆಯಲ್ಲಿದ್ದ ಹಿರಿಯರ ಮೇಲೆ ಅಲ್ಲ. ಹೆಂಗಸರು ನಗೆಮಾತು ಆಡಿದ್ದು ಅಪರೂಪ. ಹಾಸ್ಯ ನೀರಿನಂತೆ ಇಳಿಜಾರನ್ನು ಹುಡುಕುತ್ತದೆ. ಆರು ದಶಕಗಳ ಹಿಂದಿನ ಪರದೇಶದ ಆಸ್ಪತ್ರೆಯಾದರೇನು, ನಮ್ಮ ಯಾವ ಸರಕಾರಿ ಕಚೇರಿಯ ಸೋಮವಾರದ ಸಭೆಯಲ್ಲಿ ಬೇಕಾದರೂ ಕುಳಿತು ಎಣಿಸಿ ನೋಡಬಹುದು.

ನಮ್ಮಲ್ಲಿ ಇಳಿಜಾರಿಗೆ ಅಂಕಗಳೂ ಇವೆ. ಗೋಪ್ಯ ವರದಿ ಹೋಗಿ ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ ಬಂದ ಮೇಲೆ ಅಧೀನ ನೌಕರನಿಗೆ ಹತ್ತರಲ್ಲಿ ಇಷ್ಟೆಂದು ಅಂಕ ಹಾಕುವವನು ಮೇಲಧಿಕಾರಿ. ತಂಡದಲ್ಲಿ ಬೆರೆಯುವ ಗುಣ, ಇತರರೊಂದಿಗಿನ ಸಂಬಂಧ ಎಂಬ ಅಂಶಗಳಿಗೂ ಅಲ್ಲಿ ಅಂಕವುಂಟು. ತನ್ನ ಊಟವನ್ನೋ ಉಚ್ಚಾರವನ್ನೋ ಗೇಲಿ ಮಾಡಿದಾಗ ನಗದೆ ಕುಳಿತವನು 'ಬೆರೆಯದವನು' ಆಗುತ್ತಾನೆ. ಮಣಿಪುರದ ಆ ಹುಡುಗಿ ಅಂದು ನಕ್ಕದ್ದು ನನ್ನ ಹಾಸ್ಯದ ಸೊಬಗಿಗಲ್ಲ. ಆಕೆಯ ವರದಿಯನ್ನು ಬರೆಯಬೇಕಾಗಿದ್ದವನು ನಾನು.

ಹೊರನಾಡ ಕನ್ನಡಿಗರಾದ ನಮಗೆ ಇದೆಲ್ಲ ಹೊಸದಾಗಿ ತಿಳಿಯಬೇಕಾದ ವಿಷಯವೇ? ವಿಂಧ್ಯದ ಆಚೆ ಕಾಲಿಟ್ಟ ಕ್ಷಣದಿಂದ ನಾವೆಲ್ಲ ಮದರಾಸಿಗಳು. 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ಆಡಿದ ಜುಟ್ಟಿನ ಸಂಗೀತ ಮೇಷ್ಟ್ರ ಪಾತ್ರ ಐವತ್ತು ವರ್ಷ ದಾಟಿದರೂ ಉತ್ತರದ ಕಚೇರಿಗಳಲ್ಲಿ ನಿವೃತ್ತಿ ಪಡೆದಿಲ್ಲ. ನಿರ್ಜೀವ ವಸ್ತುಗಳಿಗೆಲ್ಲ ನಪುಂಸಕಲಿಂಗವನ್ನು ಕೊಟ್ಟು ನೆಮ್ಮದಿಯಾಗಿರುವ ಭಾಷೆ ನಮ್ಮದು. ಕಡತ ಹೆಣ್ಣೋ ಕಾಗದ ಗಂಡೋ ಎಂದು ನಿರ್ಧರಿಸುವ ಹಿಂದಿಯಲ್ಲಿ ನಾವು ಎಡವುವುದು ಸಹಜ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ 'ಫೈಲ್ ಆಗಯಾ' ಎಂದದ್ದಕ್ಕೆ ಇಡೀ ಶಾಖೆ ನಕ್ಕಿತ್ತು. ರಾಜಭಾಷಾ ನಿಯಮಗಳು 1976ರಲ್ಲಿ ದೇಶವನ್ನು ಕ, ಖ, ಗ ಎಂದು ಮೂರು ಕ್ಷೇತ್ರಗಳಾಗಿ ವಿಂಗಡಿಸಿವೆ. ಕರ್ನಾಟಕ ಗ ಕ್ಷೇತ್ರದಲ್ಲಿದೆ (ತಮಿಳುನಾಡು ಆ ನಿಯಮಗಳ ವ್ಯಾಪ್ತಿಯಿಂದಲೇ ಹೊರಗಿದೆ, ಅದು ಅವರ ಗಟ್ಟಿತನ). 'ಗ ಎಂದರೆ ಗಧಾ' ಎಂದು ನನ್ನ ಮೇಲಧಿಕಾರಿಯೊಬ್ಬರು ಸೆಪ್ಟೆಂಬರಿನ ಹಿಂದಿ ಪಕ್ಷಾಚರಣೆಯ ವೇದಿಕೆಯ ಮೇಲಿಂದ ಹೇಳಿದರು. ಮುಂದಿನ ಸಾಲಿನಲ್ಲಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಆ ನಗುವೇ ನನ್ನ ಮುಂದಿನ ದಾರಿಯಾಯಿತು. ಯಾರಾದರೂ ಗೇಲಿ ಮಾಡುವ ಮೊದಲೇ ನನ್ನನ್ನು ನಾನೇ ಗೇಲಿ ಮಾಡಿಕೊಳ್ಳತೊಡಗಿದೆ. ಬೇಕೆಂದೇ ಲಿಂಗ ತಪ್ಪಿಸಿ ಹಿಂದಿ ಮಾತನಾಡಿದೆ, ಕೇಳಿದವರಿಗೆಲ್ಲ 'ಅಯ್ಯಯ್ಯೋ' ಎಂದು ಪಡೋಸನ್ನಿನ ಮೇಷ್ಟ್ರನ್ನು ಅಭಿನಯಿಸಿ ತೋರಿಸಿದೆ. ನಾನು ಜನಪ್ರಿಯನಾದೆ. ಹಾಸ್ಯಪ್ರಜ್ಞೆಯುಳ್ಳ ದಕ್ಷಿಣದವನೆಂದು ಹೆಸರಾಯಿತು, ಬಡ್ತಿಗೂ ಅದು ಅಡ್ಡಿಯಾಗಲಿಲ್ಲ. ಇದಕ್ಕಾಗಿ ನಾನು ಏನನ್ನು ತೆತ್ತೆನೆಂದು ತಿಳಿದದ್ದು ತಡವಾಗಿ. ನನ್ನ ಅನಂತರ ಆ ಕಚೇರಿಗೆ ಬಂದ ರಾಯಚೂರಿನ ತರುಣನೊಬ್ಬನಿಗೆ ಈ ನಾಟಕ ಬರುತ್ತಿರಲಿಲ್ಲ. 'ನಿಮ್ಮವರೇ ಒಬ್ಬರಿದ್ದರು, ಎಂಥ ರಸಿಕ! ನೀನೇಕೆ ಹೀಗೆ ಮುಖ ಗಂಟಿಕ್ಕುತ್ತೀ?' ಎಂದು ಅವನನ್ನು ಕೇಳಿದರಂತೆ. ಒಬ್ಬನು ತನ್ನ ಪಾಲಿನ ಅವಮಾನವನ್ನು ನಕ್ಕು ನುಂಗಿದರೆ ಮುಂದೆ ಬರುವವರಿಗೆಲ್ಲ ಅದೇ ಅಳತೆಗೋಲಾಗುತ್ತದೆ.

ಮುಂಬಯಿಯ ಹಿರಿಯ ಓದುಗರಿಗೆ ಇದಕ್ಕಿಂತ ದೊಡ್ಡ ಪಾಠದ ನೆನಪಿರಬೇಕು. 1947ಕ್ಕೆ ಸ್ವಲ್ಪ ಹಿಂದುಮುಂದಾಗಿ 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಯ ಒಂದೇ ಕಚೇರಿಯಲ್ಲಿ ಇಬ್ಬರು ತರುಣ ವ್ಯಂಗ್ಯಚಿತ್ರಕಾರರು ದುಡಿಯುತ್ತಿದ್ದರು. ಒಬ್ಬರು ಮೈಸೂರಿನ ಆರ್. ಕೆ. ಲಕ್ಷ್ಮಣ್, ಇನ್ನೊಬ್ಬರು ಬಾಳ ಠಾಕ್ರೆ. ಲಕ್ಷ್ಮಣ್ ನಮ್ಮ 'ಕೊರವಂಜಿ'ಯಲ್ಲಿ ಗೆರೆ ಎಳೆದು ಕೈಪಳಗಿಸಿಕೊಂಡವರು. ರಾಶಿಯವರು 1942ರಲ್ಲಿ ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದ ಆ ಮಾಸಪತ್ರಿಕೆಯನ್ನು ನೆನೆದರೆ ಈಗಲೂ ಕನ್ನಡಿಗನ ಮುಖ ಅರಳುತ್ತದೆ. ಲಕ್ಷ್ಮಣ್ 'ಟೈಮ್ಸ್ ಆಫ್ ಇಂಡಿಯಾ' ಸೇರಿ 1951ರಿಂದ ತಮ್ಮ ಜನಸಾಮಾನ್ಯನನ್ನು ಬರೆದರು. ಚೌಕಳಿ ಕೋಟಿನ ಆ ಮುದುಕ ಅರ್ಧ ಶತಮಾನ ಕಾಲ ಮಂತ್ರಿಗಳ ಬೆನ್ನ ಹಿಂದೆ ನಿಂತು ನೋಡಿದನು, ಬಾಯಿ ಬಿಡಲಿಲ್ಲ. ಠಾಕ್ರೆಯವರು 1960ರಲ್ಲಿ 'ಮಾರ್ಮಿಕ್' ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆಯನ್ನು ತೆರೆದರು. ವಿನೋದಕ್ಕೆಂದು ಜನ ಕೊಳ್ಳುತ್ತಿದ್ದ ಆ ಪತ್ರಿಕೆಯಲ್ಲಿ ಕೆಲವು ವರ್ಷಗಳ ಅನಂತರ ಮುಂಬಯಿಯ ಕಂಪೆನಿಗಳ ಅಧಿಕಾರಿಗಳ ಹೆಸರುಗಳ ಪಟ್ಟಿ ಬರತೊಡಗಿತು. ಅದರ ತಲೆಬರೆಹ 'ವಾಚಾ ಆಣಿ ಥಂಡ ಬಸಾ', ಎಂದರೆ ಓದಿ, ತೆಪ್ಪಗೆ ಕೂತಿರಿ. ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದುದು ದಕ್ಷಿಣದ ಹೆಸರುಗಳು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಲುಂಗಿಯನ್ನು ಹಾಸ್ಯಾಸ್ಪದ ಮಾಡಿದ ಘೋಷಣೆಗಳು ಬೀದಿಗಿಳಿದವು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು.

ಫೋರ್ಟಿನ ಕಂಪೆನಿಯೊಂದರಲ್ಲಿ ಸ್ಟೆನೊ ಆಗಿದ್ದ ನನ್ನ ಸೋದರಮಾವ ಆ ದಿನಗಳ ಬಗ್ಗೆ ಹೇಳುತ್ತಿದ್ದರು. ಸಹೋದ್ಯೋಗಿಗಳು ಚಹಾದ ವೇಳೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ದಕ್ಷಿಣದ ಒಂದೊಂದು ಹೆಸರನ್ನೂ ರಾಗವಾಗಿ ಎಳೆದು. ಎಲ್ಲರೂ ನಗುತ್ತಿದ್ದರು, ಮಾವನೂ ನಗುತ್ತಿದ್ದರು. 'ನಗದೆ ಇದ್ದಿದ್ದರೆ ಪಟ್ಟಿಯಲ್ಲಿ ನನ್ನದೂ ಸೇರುತ್ತಿತ್ತೇನೋ ಮಾರಾಯ' ಎನ್ನುತ್ತಿದ್ದರು. ಓದುತ್ತಿದ್ದವರು ಕೆಟ್ಟ ಜನರಲ್ಲ, ಮಾವನ ಮದುವೆಗೆ ಬಂದು ಉಂಡುಹೋದವರು. ಅವರಲ್ಲಿ ಅನೇಕರು ಕಲ್ಲೆಸೆಯಲು ಎಂದೂ ಹೋಗಲಿಲ್ಲ. ಚಹಾದ ವೇಳೆಯ ಆ ನಗೆ ಮಾತ್ರ, ಕಲ್ಲೆಸೆಯುವವರು ಬಂದಾಗ 'ಇದು ಆಗಬಾರದು' ಎಂದು ಹೇಳುವ ನಾಲಿಗೆಗಳನ್ನು ಮುಂಚಿತವಾಗಿಯೇ ಕಟ್ಟಿಹಾಕಿತ್ತು.

ಇಷ್ಟು ಹೇಳಿದರೆ, ಹಾಗಾದರೆ ನಗೆಯನ್ನೇ ನಿಷೇಧಿಸೋಣವೇ ಎಂದು ಕೇಳುವವರಿದ್ದಾರೆ. ನೆಹರೂ ತಮ್ಮನ್ನೂ ಬಿಡಬಾರದೆಂದು ವ್ಯಂಗ್ಯಚಿತ್ರಕಾರ ಶಂಕರರಿಗೆ ಹೇಳಿದ್ದನ್ನು ನೆನಪಿಸುತ್ತಾರೆ. ನೆಹರೂ ದೊಡ್ಡವರು, ಒಪ್ಪಿದೆ. ಆದರೆ ಪ್ರಧಾನಿಯನ್ನು ಕುರಿತು ಲೋಕ ನಕ್ಕರೆ ಪ್ರಧಾನಿಯ ಡಬ್ಬಿಯನ್ನು ಯಾರೂ ಓಣಿಗೆ ಎತ್ತಿಡುವುದಿಲ್ಲ. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರರು ಕುಳಿತಿರುವ, ಹಿಂದೆ ನೆಹರೂ ಚಾವಟಿ ಹಿಡಿದಿರುವ ಚಿತ್ರವನ್ನು ಶಂಕರರು ಬರೆದದ್ದು 1949ರಲ್ಲಿ. ಅದು ಶಾಲಾ ಪಠ್ಯಪುಸ್ತಕದಲ್ಲಿದೆಯೆಂದು 2012ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಾಗ ನಮ್ಮ ಕ್ಯಾಂಟೀನಿನಲ್ಲೂ ಚರ್ಚೆ ನಡೆಯಿತು. 'ಅಂಬೇಡ್ಕರರೇ ಸುಮ್ಮನಿದ್ದರು, ಇವರಿಗೇನು ನೋವು?' ಎಂದರು ಬಹುಮಂದಿ. ಪಠ್ಯದಿಂದ ಆ ಚಿತ್ರವನ್ನು ತೆಗೆದದ್ದು ಸರಿಯೆಂದು ನಾನು ಇಂದಿಗೂ ಒಪ್ಪಿಲ್ಲ. ಆದರೆ ನಮ್ಮ ಮೇಜಿನಲ್ಲಿ ಮೀಸಲಾತಿಯ ಬಗ್ಗೆ ನಗೆಹನಿಗಳನ್ನು ವರ್ಷವರ್ಷವೂ ಕೇಳುತ್ತ ಕುಳಿತಿದ್ದ ಒಬ್ಬ ಸಹೋದ್ಯೋಗಿ ಅಂದು ಎದ್ದುಹೋದರು. ಅವರು ಎದ್ದುಹೋದದ್ದು ಶಂಕರರ ಮೇಲಿನ ಸಿಟ್ಟಿನಿಂದಲ್ಲವೆಂಬುದು ಮೇಜಿನಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ನಿಷೇಧ ನನ್ನ ಬೇಡಿಕೆಯಲ್ಲ. ಸರ್ದಾರ್ಜಿ ನಗೆಹನಿಗಳನ್ನು ತಡೆಯಬೇಕೆಂಬ ಅರ್ಜಿಯ ಮೇಲೆ, ಜನರ ನಡತೆಗೆ ನೀತಿಯ ಕಟ್ಟಳೆಗಳನ್ನು ತಾನು ವಿಧಿಸಲಾರೆನೆಂದು ಸುಪ್ರೀಂ ಕೋರ್ಟು 2017ರ ಫೆಬ್ರವರಿಯಲ್ಲಿ ಹೇಳಿತು. ಸರಿಯಾದ ಮಾತು. ಆದರೆ ಅದೇ ನ್ಯಾಯಾಲಯ 1997ರ ವಿಶಾಖಾ ತೀರ್ಪಿನಲ್ಲಿ, ದುಡಿಯುವ ಸ್ಥಳದಲ್ಲಿ ಹೆಂಗಸರಿಗೆ ಆಗುವ ಕಿರುಕುಳದ ವ್ಯಾಖ್ಯೆಯೊಳಗೆ ಲೈಂಗಿಕ ಬಣ್ಣದ ಮಾತುಗಳನ್ನೂ ಸೇರಿಸಿತು, 2013ರ ಕಾಯಿದೆ ಅದನ್ನು ಉಳಿಸಿಕೊಂಡಿತು. 'ತಮಾಷೆಗೆ ಅಂದೆ' ಎಂಬ ಸಬೂಬು ಅಲ್ಲಿಂದೀಚೆಗೆ ಆ ಒಂದು ವಿಷಯದಲ್ಲಾದರೂ ಸ್ವಲ್ಪ ಸೊರಗಿದೆ. ಕಚೇರಿಗಳೇನೂ ಅದರಿಂದ ಸ್ಮಶಾನಗಳಾಗಲಿಲ್ಲ. ಗಂಡಸರು ಬೇರೆ ವಿಷಯಗಳಿಗೆ ನಗಲು ಕಲಿತರು.

ಈಗ ನಮ್ಮ ಮನೆಯ ಕಡೆ ತಿರುಗೋಣ. ಉತ್ತರದವರನ್ನೂ ಮರಾಠಿಗರನ್ನೂ ದೂರಿ ಕೈತೊಳೆದುಕೊಳ್ಳುವುದು ಹೊರನಾಡ ಪತ್ರಿಕೆಗಳ ಹಳೆಯ ಚಾಳಿ. ನಮ್ಮ ಸಂಘಗಳ ರಾಜ್ಯೋತ್ಸವದ ಹಾಸ್ಯನಾಟಕಗಳನ್ನು ನೆನೆಯಿರಿ. ಮನೆಯ ಯಜಮಾನ ಮೈಸೂರು ಕನ್ನಡ ಮಾತನಾಡುತ್ತಾನೆ, ಮನೆಗೆಲಸದವಳು ಧಾರವಾಡದ ಕಡೆಯ ಕನ್ನಡ. ಭಟ್ಟರು ಬಂದರೆ ಮಂಗಳೂರಿನ ರಾಗ. ಕಲಬುರಗಿಯ ಪಾತ್ರ ಪೆದ್ದನಾಗಿಯೇ ಇರಬೇಕು. ಗೂರ್ಖಾ ಇದ್ದರೆ ಅವನು 'ಶಾಬ್' ಎಂದ ಕೂಡಲೆ ಸಭಾಂಗಣ ಬಿರಿಯಬೇಕು. ಬೀದರಿನಿಂದ, ಯಾದಗಿರಿಯಿಂದ ಕಟ್ಟಡದ ಕೂಲಿಗೆಂದು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದಿರುವ ಕನ್ನಡಿಗರು ಸಂಘದ ಬಾಗಿಲಿಗೆ ಏಕೆ ಬರುವುದಿಲ್ಲವೆಂದು ವಾರ್ಷಿಕ ವರದಿಗಳಲ್ಲಿ ನಾವು ಕೊರಗುತ್ತೇವೆ. ಅವರ ಮಾತನ್ನು ವೇದಿಕೆಯಲ್ಲಿ ಕೇಳಿ ನಾವು ಹೊಟ್ಟೆ ಹಿಡಿದು ನಗುತ್ತಿರುವಾಗ ಅವರು ಎಲ್ಲಿ ಕುಳಿತುಕೊಳ್ಳಬೇಕು?

ಮೇಲಧಿಕಾರಿಯಾದವನಿಂದ ನಾನು ಕೇಳುವುದು ಹೆಚ್ಚೇನಿಲ್ಲ. ದೂರು ಬಂದಾಗ ಮೊದಲು ಪೆನ್ನು ತೆರೆಯಲಿ. ಏನು ನಡೆಯಿತು, ಯಾರು ಮಾಡಿದರು, ಯಾರಿಗೆ ತೊಂದರೆಯಾಯಿತು ಎಂದು ಕೇಳಿ ಬರೆದುಕೊಳ್ಳಲಿ. ತಪ್ಪು ಮಾಡಿದವನಿಗೆ ಅದು ತಪ್ಪೆಂದು ಮುಖಕ್ಕೆ ಹೇಳಲಿ. ಅಷ್ಟಾದ ಮೇಲೆ ನಗೆಯಾಡಬೇಕೆನಿಸಿದರೆ ತನ್ನ ಮೇಲೆಯೋ ತನಗಿಂತ ಮೇಲಿನವರ ಮೇಲೆಯೋ ಆಡಲಿ. ತನಗಿಂತ ಮೇಲಿನವರ ಮೇಲೆ ಆಡುವ ಧೈರ್ಯ ಎಷ್ಟು ಮಂದಿಗಿದೆಯೆಂದು ನೋಡುವ ಕುತೂಹಲ ನನಗಿದೆ. ಯಕ್ಷಗಾನದ ಹಾಸ್ಯಗಾರನಿಗೆ ಆ ಧೈರ್ಯವಿದೆ. ದೂತನ ವೇಷದಲ್ಲಿ ನಿಂತು ಎದುರಿನ ರಾಜನನ್ನೇ ಆಡಿಕೊಳ್ಳುತ್ತಾನೆ. ನಮ್ಮಲ್ಲಿ ರಾಜನೇ ಹಾಸ್ಯಗಾರನ ವೇಷವನ್ನೂ ಕಿತ್ತುಕೊಂಡಿದ್ದಾನೆ.

ಮಣಿಪುರದ ಆ ಸಹೋದ್ಯೋಗಿಗೆ 2013ರಲ್ಲಿ ವರ್ಗವಾಯಿತು. ಬೀಳ್ಕೊಡುಗೆಯ ಚಹಾಕೂಟದಲ್ಲಿ ಆ ಮೂವರಲ್ಲೊಬ್ಬರು ಎದ್ದು ನನ್ನ ಊದುಬತ್ತಿಯ ಮಾತನ್ನು ಸವಿಸ್ತಾರವಾಗಿ ನೆನಪಿಸಿಕೊಂಡರು. ಎಲ್ಲರೂ ನಕ್ಕರು. ಆಕೆಯೂ ಮುಗುಳ್ನಕ್ಕು, ಎಲ್ಲರಿಗೂ ವಂದನೆ ಹೇಳಿ ಕುಳಿತಳು. ಕೂಟ ಮುಗಿದ ಮೇಲೆ ಆಕೆಯನ್ನು ಕರೆದು ಕಳಲೆಯ ವಿಷಯ ಹೇಳಿದೆ. ನನ್ನ ತಾಯಿ ಅದನ್ನು ಹೇಗೆ ನೆನೆಹಾಕುತ್ತಿದ್ದರು, ಮನೆಯೆಲ್ಲ ಹೇಗೆ ನಾರುತ್ತಿತ್ತು ಎಂದೆಲ್ಲ ವಿವರಿಸಿದೆ. ಆಕೆ ಸಾವಧಾನದಿಂದ ಕೇಳಿದಳು.

'ಅಂದೇ ಹೇಳಬಹುದಾಗಿತ್ತು, ಸರ್' ಎಂದಳು.

ಈಚೆಗೆ ಪರಿಚಿತ ಸಂಘವೊಂದರ ನಾಟಕ ಸಮಿತಿಗೆ ಪತ್ರ ಬರೆದು, ಈ ನವೆಂಬರಿಗೆ ಆರಿಸಿರುವ ಪ್ರಹಸನದಲ್ಲಿ ಕಲಬುರಗಿಯ ಕೂಲಿಯವನ ಪಾತ್ರವನ್ನು ತಿದ್ದಬೇಕೆಂದು ಕೋರಿದ್ದೆ. ಕಾರ್ಯದರ್ಶಿಗಳು ದೂರವಾಣಿಯಲ್ಲಿ ವಿನಯದಿಂದಲೇ ಉತ್ತರಿಸಿದರು: 'ಎಲ್ಲ ನಮ್ಮವರೇ ಅಲ್ಲವೆ ಸಾರ್, ಸ್ವಲ್ಪ ಹಾಸ್ಯಪ್ರಜ್ಞೆ ಇರಲಿ.' ಎರಡನೆಯ ಪತ್ರವನ್ನು ಬರೆದು ಅಂಚೆಗೆ ಹಾಕಿದ್ದೇನೆ.